ಕೊರೊನಾ ಸುದ್ದಿ ಮಕ್ಕಳ ತಲೆಗೆ ಏನು ಮಾಡಿತು? ವಿದ್ಯಾರ್ಥಿಗಳು, ಪೋಷಕರು, ಮೇಷ್ಟ್ರುಗಳು ಬರೆಯಿರಿ

ಹಾಸನದ ಪಿಯು ಮಿಸ್

ಎಲ್ಲರಿಗೂ ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ತುಂಬಾ ದಿನದಿಂದ ಮನಸ್ಸಿನಲ್ಲಿರುವ ವಿಷಯವೊಂದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಿಗೆ ಎಚ್‌ಎಂಪಿವಿ ಸೋಂಕು ಅಂತ ಸುದ್ದಿ ಬಂತಲ್ಲ, ಅವತ್ತು ನನ್ನ ತರಗತಿಯಲ್ಲಿ ಪಾಠವೇ ಸಾಗಲಿಲ್ಲ. ನಾನು ಒಳಗೆ ಕಾಲಿಡುವ ಮೊದಲೇ "ಮಿಸ್, ಮತ್ತೆ ಲಾಕ್‌ಡೌನ್ ಆಗುತ್ತಾ?" ಅಂತ ಕೇಳಿದರು. ಇದು ಹೊಸ ವೈರಸ್ ಅಲ್ಲ, 2001ರಲ್ಲೇ ನೆದರ್ಲೆಂಡ್ಸ್‌ನಲ್ಲಿ ಪತ್ತೆಯಾದದ್ದು, ಹೆಚ್ಚಿನವರಿಗೆ ಶೀತ-ಕೆಮ್ಮು ಬಂದು ಹೋಗುವಂಥದ್ದು ಅಂತ ಬೋರ್ಡಿನ ಮೇಲೆ ಬರೆದು ವಿವರಿಸಿದೆ. ಎಲ್ಲರೂ ತಲೆ ಆಡಿಸಿದರು. ಸ್ವಲ್ಪ ಹೊತ್ತು ಬಿಟ್ಟು ಮುಂದಿನ ಬೆಂಚಿನ ಹುಡುಗಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ತರಗತಿಗೇ ಮೊದಲು ಬರುವ ಹುಡುಗಿ ಅವಳು. ನಾನು ಹೇಳಿದ್ದು ಕಿವಿಗೆ ಬಿದ್ದಿತ್ತು, ತಲೆಗೆ ಇಳಿದಿರಲಿಲ್ಲ.

ಅದೇ ವರ್ಷ ಜೂನ್-ಜುಲೈನಲ್ಲಿ ನಮ್ಮ ಜಿಲ್ಲೆಯಲ್ಲಿ ಹೃದಯಾಘಾತದಿಂದ ಜನ ಸಾಯುತ್ತಿದ್ದಾರೆ ಅನ್ನುವ ಸುದ್ದಿ ಶುರುವಾಯಿತು. ಟಿವಿಯಲ್ಲಿ ದಿನಕ್ಕೊಂದು ಸಂಖ್ಯೆ. ಜನ ಗಾಬರಿಯಾಗಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಕ್ಯೂ ನಿಂತರು. ತಜ್ಞರ ಸಮಿತಿ ಪರಿಶೀಲನೆ ಮಾಡಿ, ಅಸಹಜ ಏರಿಕೆ ಏನೂ ಕಂಡಿಲ್ಲ ಅಂತ ವರದಿ ಕೊಟ್ಟಿತು. ಆ ವರದಿಗೆ ಸುದ್ದಿಯಷ್ಟು ಜಾಗ ಸಿಗಲಿಲ್ಲ. ಅಷ್ಟರಲ್ಲಿ ನನ್ನ ಮಕ್ಕಳು ಪಾಠದ ಮಧ್ಯೆ ಎದೆ ಮುಟ್ಟಿ ನೋಡಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದರು.

ಇವರೆಲ್ಲ 2020ರಲ್ಲಿ ಐದು-ಆರನೇ ತರಗತಿಯಲ್ಲಿದ್ದವರು. ಶಾಲೆ ಮುಚ್ಚಿದ್ದರಿಂದ ಓದು ಹಿಂದೆ ಬಿತ್ತು ಅಂತ ನಾವೆಲ್ಲ ಹೇಳುತ್ತೇವೆ, ಅದು ನಿಜ. ಆದರೆ ಮನೆಯಲ್ಲಿ ಆ ಹೊತ್ತು ಏನು ಓಡುತ್ತಿತ್ತು? ಬೆಳಗ್ಗೆಯಿಂದ ರಾತ್ರಿವರೆಗೆ ಸಾವಿನ ಲೆಕ್ಕ. ಇದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ನನಗನಿಸುವುದು ಇಷ್ಟು: ಸುದ್ದಿ ತಿಳಿದುಕೊಳ್ಳುವುದು ಬೇರೆ, ಇಡೀ ದಿನ ಸುದ್ದಿಯ ಎದುರು ಕೂರುವುದು ಬೇರೆ. ಎರಡನೆಯದು ಮಕ್ಕಳ ಯೋಚಿಸುವ ಶಕ್ತಿಗೇ ಕೈ ಹಾಕುತ್ತದೆ. ನಿಮ್ಮ ಮನೆಯಲ್ಲಿ, ಹಾಸ್ಟೆಲ್‌ನಲ್ಲಿ ಏನಾಯಿತು?

ದಾವಣಗೆರೆ 2020 ಬ್ಯಾಚ್

ಮಿಸ್, ನಾನು 2020ರಲ್ಲಿ ಎಸ್ಸೆಸ್ಸೆಲ್ಸಿ ಬರೆದವನು. ನಮ್ಮ ಪರೀಕ್ಷೆ ಮಾರ್ಚ್ 27ಕ್ಕೆ ಶುರುವಾಗಬೇಕಿತ್ತು. ಹಾಲ್ ಟಿಕೆಟ್ ಕೈಗೆ ಬಂದಿತ್ತು. ಮುಂದೂಡಿದರು. ಆಮೇಲೆ ನಡೆದದ್ದು ಜೂನ್ 25ಕ್ಕೆ. ಎಂಟು ಲಕ್ಷಕ್ಕೂ ಜಾಸ್ತಿ ಮಕ್ಕಳು.

ಮಧ್ಯದ ಆ ಮೂರು ತಿಂಗಳು ಇದೆಯಲ್ಲ, ಅದನ್ನು ಓದಿದ ತಿಂಗಳು ಅಂತ ಹೇಳಲು ಆಗುವುದಿಲ್ಲ. ನಮ್ಮೂರು ಮೊದಲು ಹಸಿರು ವಲಯದಲ್ಲಿತ್ತು. ಏಪ್ರಿಲ್ ಕೊನೆಗೆ ಒಮ್ಮೆಲೇ ಕೇಸ್ ಬಂದವು, ಏರಿಯಾಗಳು ಸೀಲ್‌ಡೌನ್ ಆದವು. ಮನೆಯಲ್ಲಿ ಟಿವಿ ಆರಿಸುತ್ತಲೇ ಇರಲಿಲ್ಲ. ನಾನು ಓದಲಿ ಅಂತ ಅಪ್ಪ ಸೌಂಡ್ ಕಡಿಮೆ ಮಾಡೋರು. ಆದರೆ ನಾನು ಕೂತ ಜಾಗದಿಂದ ಪರದೆಯ ಕೆಳಗೆ ಓಡುವ ಪಟ್ಟಿ ಕಾಣುತ್ತಿತ್ತು. ಥೇಲ್ಸ್ ಪ್ರಮೇಯದ ಒಂದು ಸಾಲು ಓದುವುದು, ಕತ್ತು ಎತ್ತಿ ಪಟ್ಟಿ ಓದುವುದು, ಮತ್ತೆ ಅದೇ ಸಾಲಿನಿಂದ ಶುರು. ಸಂಜೆಗೆ ಪುಸ್ತಕ ಅದೇ ಪುಟದಲ್ಲಿರುತ್ತಿತ್ತು.

ಅದರ ಮೇಲೆ ಪರೀಕ್ಷೆ ಸುದ್ದಿ. ತೆಲಂಗಾಣ, ತಮಿಳುನಾಡಿನಲ್ಲಿ ಹತ್ತನೇ ತರಗತಿ ಪರೀಕ್ಷೆ ರದ್ದು ಮಾಡಿದರು. ನಮ್ಮಲ್ಲಿ ನಡೆಯುತ್ತಾ, ಇಲ್ಲವಾ? ಬೆಳಗ್ಗೆ ಒಂದು ಚಾನೆಲ್‌ನಲ್ಲಿ ಒಂದು ಮಾತು, ಮಧ್ಯಾಹ್ನ ಇನ್ನೊಂದು. ಕಾಯಿಲೆ ಬಂದರೆ ಏನು ಅನ್ನೋದಕ್ಕಿಂತ ಈ ಡೋಲಾಯಮಾನ ಸ್ಥಿತಿಯೇ ನನಗೆ ಜಾಸ್ತಿ ಹಿಂಸೆ ಕೊಟ್ಟಿತು. ಫೋನ್ ಮಾಡಲು ಹೋದರೆ ಕಾಲರ್ ಟ್ಯೂನ್‌ನಲ್ಲಿ ಮೊದಲು ಕೆಮ್ಮು ಕೇಳಿಸುತ್ತಿತ್ತು, ನೆನಪಿದೆಯಾ? ಗೆಳೆಯನ ಹತ್ತಿರ ಒಂದು ಲೆಕ್ಕ ಕೇಳೋಣ ಅಂದರೂ ಆ ಕೆಮ್ಮು ದಾಟಿಯೇ ಹೋಗಬೇಕಿತ್ತು.

ಮನಸ್ಸಿನ ಪಾಠ, ಮೈಸೂರು

ಮಿಸ್, ಒಳ್ಳೆಯ ವಿಷಯ ಎತ್ತಿದ್ದೀರಿ. ನಾನು ಕಾಲೇಜು ವಿದ್ಯಾರ್ಥಿಗಳ ಆಪ್ತ ಸಮಾಲೋಚಕಿ. ನಿಮ್ಮ ಹುಡುಗಿಯ ತಲೆಗೆ ಮಾತು ಇಳಿಯಲಿಲ್ಲ ಅಂದಿರಿ, ದಾವಣಗೆರೆ ತಮ್ಮ ಅದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ ಅಂದರು. ಎರಡೂ ಒಂದೇ ತೊಂದರೆ.

ಬಾಯಿಲೆಕ್ಕ ಮಾಡುವಾಗ "ಕೈಲಿ ಎರಡು" ಅಂತ ಇಟ್ಟುಕೊಳ್ಳುತ್ತೇವಲ್ಲ, ಹಾಗೆ ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು ಕೆಲಸ ಮಾಡುವ ಜಾಗ ಮನಸ್ಸಿನಲ್ಲಿ ಇದೆ. ವರ್ಕಿಂಗ್ ಮೆಮೊರಿ ಅನ್ನುತ್ತಾರೆ. ಈ ಜಾಗ ಬಹಳ ಚಿಕ್ಕದು. ಓದಿದ ವಾಕ್ಯದ ಮೊದಲ ತುದಿಯನ್ನು ಕೊನೆಯ ತುದಿಗೆ ಜೋಡಿಸುವುದೂ ಇಲ್ಲೇ, "ಅಜ್ಜಿಗೆ ಬಂದರೆ ಏನು ಗತಿ" ಅಂತ ಚಿಂತೆ ಮಾಡುವುದೂ ಇಲ್ಲೇ. ಚಿಂತೆ ಬಂದು ಕೂತರೆ ಪಾಠಕ್ಕೆ ಜಾಗ ಸಾಲುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಹುಡುಗ ಸೋಮಾರಿ, ಗಮನ ಕೊಡುವುದಿಲ್ಲ ಅಂತ ಕಾಣುತ್ತದೆ. ಅವನ ಗಮನ ಪೂರ್ತಿ ಕೆಲಸದಲ್ಲೇ ಇರುತ್ತದೆ, ಆದರೆ ಬೇರೆ ಕಡೆ.

ಇನ್ನೊಂದು ಮುಖ್ಯ ವಿಷಯ. ಒತ್ತಡ ಎಲ್ಲ ಒಂದೇ ಥರ ಅಲ್ಲ. ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ಅವರು ಇದರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ನಮ್ಮ ಕೈಯಲ್ಲಿ ಏನೂ ಇಲ್ಲ ಅನ್ನಿಸುವ ಒತ್ತಡ ಬಂದಾಗ ಹಣೆಯ ಹಿಂದಿರುವ ಮೆದುಳಿನ ಭಾಗ, ಅಂದರೆ ಯೋಚಿಸಿ ತೂಗಿ ನೋಡುವ ಭಾಗ, ಬೇಗ ಮಂಕಾಗುತ್ತದೆ. ಹೆದರಿಕೆಯ ಹಳೆಯ ವ್ಯವಸ್ಥೆ ಮುಂದೆ ಬರುತ್ತದೆ. ಹಾವು ಕಂಡಾಗ ಇದು ಜೀವ ಉಳಿಸುತ್ತದೆ, ಗಣಿತದ ಮುಂದೆ ಕೂತಾಗ ಕೈ ಕೊಡುತ್ತದೆ. ಟಿವಿ ಸುದ್ದಿ ಇಂಥ ಒತ್ತಡವನ್ನೇ ಕೊಡುತ್ತಿತ್ತು. ಭಯ ಪಡಲು ಕಾರಣ ಇತ್ತು, ಮಾಡಲು ಕೆಲಸ ಇರಲಿಲ್ಲ.

ಕೊರೊನಾಕ್ಕಿಂತ ಮೊದಲೇ ಇದಕ್ಕೆ ಒಂದು ದೊಡ್ಡ ಪುರಾವೆ ಸಿಕ್ಕಿತ್ತು. 2013ರ ಏಪ್ರಿಲ್‌ನಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸ್ಫೋಟ ಆಯಿತಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೋಲ್ಮನ್, ಗಾರ್ಫಿನ್, ಸಿಲ್ವರ್ ಎಂಬ ಸಂಶೋಧಕಿಯರು ನಂತರದ ವಾರಗಳಲ್ಲಿ 4,675 ಜನರನ್ನು ಕೇಳಿ ನೋಡಿದರು. ದಿನಕ್ಕೆ ಆರು ಗಂಟೆ ಅಥವಾ ಅದಕ್ಕೂ ಜಾಸ್ತಿ ಆ ಸುದ್ದಿ ನೋಡಿದವರು, ಸ್ಫೋಟದ ಜಾಗದಲ್ಲಿ ಅಥವಾ ಹತ್ತಿರ ಇದ್ದವರಿಗಿಂತ ಜಾಸ್ತಿ ಒತ್ತಡದ ಲಕ್ಷಣ ಹೇಳಿಕೊಂಡಿದ್ದರು. ಓದಿದಾಗ ನನಗೆ ನಂಬಲು ಕಷ್ಟವಾಯಿತು. ಆಮೇಲೆ 2020 ಬಂತು, ನನ್ನ ಎದುರೇ ಅಂಥ ಮಕ್ಕಳು ಬಂದು ಕೂತರು.

ಸಾಗರದ ಅಮ್ಮ

ನಮ್ಮದು ತೋಟದ ಮನೆ. ಮಗಳು ಆಗ ಒಂಬತ್ತನೇ ತರಗತಿ. ಮನೆಗೆ ಇದ್ದದ್ದು ಒಂದೇ ಸ್ಮಾರ್ಟ್‌ಫೋನ್. ನೆಟ್‌ವರ್ಕ್ ಬೇಕು ಅಂದರೆ ಗುಡ್ಡದ ತಲೆಗೆ ಹೋಗಬೇಕು. ಪಾಠವೂ ಅದರಲ್ಲೇ, ಸುದ್ದಿಯೂ ಅದರಲ್ಲೇ. ಎರಡನ್ನೂ ಬೇರೆ ಮಾಡಲು ನಮಗೆ ದಾರಿಯೇ ಇರಲಿಲ್ಲ.

ತರಗತಿಯ ವಾಟ್ಸಾಪ್ ಗ್ರೂಪ್ ಈಗಲೂ ಕಣ್ಣ ಮುಂದಿದೆ. ಮೇಲೆ ವಿಜ್ಞಾನದ ನೋಟ್ಸ್, ಅದರ ಕೆಳಗೆ ಯಾವನೋ ರಸ್ತೆಯಲ್ಲಿ ಕುಸಿದು ಬೀಳುವ ವಿಡಿಯೊ. ಯಾವ ಊರು, ಯಾವ ದಿನ, ಒಂದೂ ಇಲ್ಲ. ಅದರ ಕೆಳಗೆ "ಪ್ರೆಸೆಂಟ್ ಸರ್", "ಪ್ರೆಸೆಂಟ್ ಸರ್" ಅಂತ ಮೂವತ್ತು ಸಾಲು. ನೋಟ್ಸ್ ಹುಡುಕಲು ಹೋದ ಮಗು ಆ ವಿಡಿಯೊ ದಾಟದೆ ಹೋಗಲು ಆಗುತ್ತಿರಲಿಲ್ಲ.

ಅವಳಿಗೆ ತನ್ನ ಜೀವದ ಭಯ ಇರಲಿಲ್ಲ. ಅಜ್ಜಿಯ ಭಯ. ವಯಸ್ಸಾದವರಿಗೆ ಅಪಾಯ, ಮಕ್ಕಳಿಂದ ಹಿರಿಯರಿಗೆ ಹರಡುತ್ತದೆ ಅಂತ ಎಲ್ಲೋ ಕೇಳಿದ್ದಳು. ಅಜ್ಜಿ ಜಗಲಿ ಮೇಲೆ ಕವಳದ ಡಬ್ಬಿ ಇಟ್ಟುಕೊಂಡು ಕೂತಿರೋರು. ಅಡಿಕೆ ಕತ್ತರಿಸಿ ಕೊಡುವುದು ಇವಳ ಕೆಲಸ, ಚಿಕ್ಕಂದಿನಿಂದಲೂ. ಅದನ್ನು ನಿಲ್ಲಿಸಿದಳು. ತಟ್ಟೆಯನ್ನು ದೂರದಲ್ಲಿ ಇಟ್ಟು ಓಡುತ್ತಿದ್ದಳು. ಅಜ್ಜಿಗೆ ಬೇಜಾರು, "ನಾ ಏನು ಮಾಡಿದೆ ಕೂಸೇ" ಅಂತ. ನಮ್ಮ ಊರಲ್ಲಿ ಆಗ ಒಂದು ಕೇಸೂ ಇರಲಿಲ್ಲ, ನೋಡಿ. ಪ್ರಪಂಚದ ಭಯ ಎಲ್ಲ ಆ ಫೋನಿನ ಮೂಲಕ ನಮ್ಮ ಜಗಲಿಗೆ ಬಂದಿತ್ತು.

ಅಂಕಿ ಮೇಷ್ಟ್ರು, ಧಾರವಾಡ

ಎಲ್ಲರ ಮಾತೂ ಮನಸ್ಸಿಗೆ ತಟ್ಟಿತು. ಆದರೂ ಒಂದು ಪ್ರಶ್ನೆ ಕೇಳಲೇಬೇಕು. ಸಂಖ್ಯಾಶಾಸ್ತ್ರ ಕಲಿಸುವವನು ನಾನು. ಸುದ್ದಿ ಜಾಸ್ತಿ ನೋಡಿದವರಿಗೆ ಭಯ ಜಾಸ್ತಿ ಅಂತ ಅಧ್ಯಯನ ಹೇಳುತ್ತದೆ, ಸರಿ. ಮೊದಲೇ ಭಯ ಇದ್ದವರೇ ಸುದ್ದಿ ಜಾಸ್ತಿ ನೋಡಿರಬಹುದಲ್ವಾ? ಆಗ ಸುದ್ದಿಯನ್ನು ದೂರುವುದು ಹೇಗೆ? ಶಾಲೆ ಬಂದ್, ಅಪ್ಪನ ಕೆಲಸ ಹೋಗಿದ್ದು, ಮನೆಯಲ್ಲಿ ಜಗಳ, ಎಲ್ಲವೂ ಒಟ್ಟಿಗೇ ಇತ್ತು. ಇದರಲ್ಲಿ ಸುದ್ದಿಯ ಪಾಲು ಎಷ್ಟು ಅಂತ ಬೇರೆ ಮಾಡುವುದು ಸುಲಭ ಅಲ್ಲ.

ಮನಸ್ಸಿನ ಪಾಠ, ಮೈಸೂರು

ಸರ್, ಸರಿಯಾದ ಪ್ರಶ್ನೆ. ಉತ್ತರ: ಎರಡೂ ದಿಕ್ಕಿನಲ್ಲಿ ನಡೆಯುತ್ತದೆ. ಅದೇ ತಂಡ 2019ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿತು. ಬಾಸ್ಟನ್ ಸ್ಫೋಟದಿಂದ ಹಿಡಿದು 2016ರ ಆರ್ಲಾಂಡೊ ಗುಂಡಿನ ದಾಳಿವರೆಗೆ, ಮೂರು ವರ್ಷ, ನಾಲ್ಕು ಸಾವಿರಕ್ಕೂ ಜಾಸ್ತಿ ಜನರ ಜಾಡು ಹಿಡಿದರು. ಮೊದಲ ಘಟನೆಯ ಸುದ್ದಿ ಜಾಸ್ತಿ ನೋಡಿದವರಿಗೆ ಒತ್ತಡ ಬಂತು, ಮುಂದೆ ಏನಾಗುತ್ತೋ ಅನ್ನುವ ಚಿಂತೆ ಉಳಿಯಿತು, ಆ ಚಿಂತೆಯೇ ಮುಂದಿನ ಘಟನೆಯ ಸುದ್ದಿಯನ್ನು ಇನ್ನೂ ಜಾಸ್ತಿ ನೋಡಿಸಿತು. ಒಂದು ಸುತ್ತು ಮುಗಿದ ಕಡೆಯಿಂದ ಇನ್ನೊಂದು ಸುತ್ತು. ಹಾಸನದ ಮಿಸ್ ಹೇಳಿದ ಎಚ್‌ಎಂಪಿವಿ, ಹೃದಯಾಘಾತದ ಕಥೆಯಲ್ಲಿ ನನಗೆ ಕಾಣುವುದು ಇದೇ. 2020ರ ಸುತ್ತು 2025ರಲ್ಲೂ ತಿರುಗುತ್ತಿದೆ.

ಸುದ್ದಿಯ ಪಾಲನ್ನೇ ಬೇರೆ ಮಾಡಿ ನೋಡಿದ ಪ್ರಯೋಗವೂ ಇದೆ. 2021ರಲ್ಲಿ ಬುಕಾನನ್ ಮತ್ತು ಜೊತೆಗಾರರು ಮಾಡಿದ್ದು. ಜನರನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಕೆಲವರಿಗೆ ಕೊರೊನಾ ಸುದ್ದಿ ತೋರಿಸಿದರು. ಬರೀ ಎರಡು-ನಾಲ್ಕು ನಿಮಿಷ. ಅಷ್ಟಕ್ಕೇ ಅವರ ಉತ್ಸಾಹ, ಭರವಸೆ ಇಳಿದಿತ್ತು. ಕೊರೊನಾ ಕಾಲದಲ್ಲಿ ಜನ ಒಬ್ಬರಿಗೊಬ್ಬರು ಮಾಡಿದ ಉಪಕಾರದ ಸುದ್ದಿ ನೋಡಿದವರಿಗೆ ಹಾಗಾಗಲಿಲ್ಲ. ಆದರೆ ಒಂದು ಮಾತು: ಒಳ್ಳೆಯ ಸುದ್ದಿ ನೋಡಿ ಅವರ ಮನಸ್ಸು ಮೇಲೇನೂ ಏರಲಿಲ್ಲ, ಇಳಿಯಲಿಲ್ಲ ಅಷ್ಟೇ. ಹಾಗಾಗಿ "ಪಾಸಿಟಿವ್ ವಿಡಿಯೊ ನೋಡಪ್ಪ, ಸರಿ ಹೋಗ್ತೀಯ" ಅಂತ ಮಕ್ಕಳಿಗೆ ಹೇಳುವುದರಿಂದ ಜಾಸ್ತಿ ಉಪಯೋಗ ಇಲ್ಲ.

ಬಾಸ್ಟನ್ ಹತ್ತಿರದ ಕನ್ನಡಿಗ

ನಾನು 2020ರಲ್ಲಿ ಇಲ್ಲಿ ಎಂಎಸ್ ವಿದ್ಯಾರ್ಥಿ. ಧಾರವಾಡದ ಸರ್ ಪ್ರಶ್ನೆಗೆ ನನ್ನಿಂದ ಒಂದು ಸೇರ್ಪಡೆ. ನಮ್ಮ ಪಕ್ಕದ ನ್ಯೂ ಹ್ಯಾಂಪ್‌ಶೈರ್‌ನ ಡಾರ್ಟ್‌ಮತ್ ಕಾಲೇಜಿನಲ್ಲಿ ಕೊರೊನಾ ಬರುವ ಮೊದಲಿನಿಂದಲೇ 217 ಪದವಿ ವಿದ್ಯಾರ್ಥಿಗಳ ಮೇಲೆ ಅಧ್ಯಯನ ನಡೆಯುತ್ತಿತ್ತು. ಫೋನ್‌ನಲ್ಲಿ ಒಂದು ಆ್ಯಪ್ ಇರುತ್ತದೆ, ಎಷ್ಟು ಓಡಾಡಿದರು, ಫೋನ್ ಎಷ್ಟು ನೋಡಿದರು ಎಲ್ಲ ದಾಖಲಾಗುತ್ತದೆ, ಆಗಾಗ ಪ್ರಶ್ನೆ ಕೇಳುತ್ತಾರೆ. ಅಷ್ಟರಲ್ಲಿ ಕೊರೊನಾ ಬಂತು. ಹಿಂದಿನ ಅವಧಿಗಳಿಗೆ ಹೋಲಿಸಿದರೆ ಕೂತಲ್ಲೇ ಕೂರುವುದು, ಆತಂಕ, ಖಿನ್ನತೆ ಎಲ್ಲ ಜಾಸ್ತಿಯಾಗಿತ್ತು. ಕೊರೊನಾ ಸುದ್ದಿ ಎಷ್ಟು ಬರುತ್ತಿತ್ತೋ ಅದರ ಜೊತೆಗೇ ಅವರ ಆತಂಕವೂ ಏರಿಳಿಯುತ್ತಿತ್ತು. ಸರ್, ಇದೂ ಕಾರಣವನ್ನು ಸಾಬೀತು ಮಾಡುವುದಿಲ್ಲ, ಒಪ್ಪುತ್ತೇನೆ. ಆದರೆ ಮೊದಲಿನ ದಾಖಲೆ ಇರುವುದರಿಂದ ತೂಕ ಇದೆ.

ನನ್ನ ಕಥೆ ಬೇರೆ. ನನಗೆ ಎರಡು ಕಡೆಯ ಸುದ್ದಿ. ಇಲ್ಲಿ ಹಗಲು ನ್ಯೂಯಾರ್ಕ್‌ನ ಸುದ್ದಿ, ರಾತ್ರಿ ಆದರೆ ಅಲ್ಲಿ ಬೆಳಗಾಗಿ ಬೆಂಗಳೂರಿನ ಸುದ್ದಿ. 2021ರ ಏಪ್ರಿಲ್-ಮೇನಲ್ಲಿ ಇಲ್ಲಿ ನಾವು ಲಸಿಕೆ ಹಾಕಿಸಿಕೊಂಡು ಮಾಸ್ಕ್ ತೆಗೆಯುತ್ತಿದ್ದೆವು, ಅದೇ ವಾರ ಕರ್ನಾಟಕದಲ್ಲಿ ದಿನದ ಕೇಸು 50 ಸಾವಿರ ದಾಟಿತು. ಅಪ್ಪ-ಅಮ್ಮ ಇಬ್ಬರೇ ಜಯನಗರದಲ್ಲಿ. ಯೂಟ್ಯೂಬ್‌ನಲ್ಲಿ ಕನ್ನಡ ಚಾನೆಲ್‌ನ ನೇರಪ್ರಸಾರ ಒಂದು ಕಿಟಕಿಯಲ್ಲಿ, ಪ್ರಾಜೆಕ್ಟ್‌ನ ಕೋಡ್ ಇನ್ನೊಂದು ಕಿಟಕಿಯಲ್ಲಿ. ಮೂರು ಸಾಲಿನ ಕೋಡ್ ಬರೆಯಲು ಆಗುತ್ತಿರಲಿಲ್ಲ. ನನ್ನ ಗೈಡ್ ಒಳ್ಳೆಯವರು, "ನಿನ್ನ ಮನೆಯವರು ಹೇಗಿದ್ದಾರೆ" ಅಂತ ಮೊದಲು ಕೇಳಿ ಆಮೇಲೆ ಕೆಲಸ ಕೇಳೋರು. ಆ ಒಂದು ಪ್ರಶ್ನೆಯಿಂದ ಎಷ್ಟು ಹಗುರಾಗುತ್ತಿತ್ತು ಅಂತ ಹೇಳಲು ಬರುವುದಿಲ್ಲ.

ಡೆಸ್ಕ್‌ನಲ್ಲಿದ್ದವನು, ಬೆಂಗಳೂರು

ನಾನು ಆಗ ಒಂದು ಸುದ್ದಿವಾಹಿನಿಯ ಡೆಸ್ಕ್‌ನಲ್ಲಿ ಕಾಪಿ ಎಡಿಟರ್ ಆಗಿದ್ದೆ. ಈಗ ಬೇರೆ ಕೆಲಸ. ಒಳಗೆ ಹೇಗೆ ನಡೆಯುತ್ತಿತ್ತು ಅನ್ನುವುದು ಪೋಷಕರಿಗೆ ಗೊತ್ತಿದ್ದರೆ ಒಳ್ಳೆಯದು.

ಆರೋಗ್ಯ ಇಲಾಖೆಯ ಬುಲೆಟಿನ್ ಮೊದಮೊದಲು ಮಧ್ಯಾಹ್ನ ಒಂದು, ಸಂಜೆ ಒಂದು ಬರುತ್ತಿತ್ತು. ಖಚಿತವಾದ ಹೊಸ ವಿಷಯ ಅಂದರೆ ಹೆಚ್ಚುಕಡಿಮೆ ಅಷ್ಟೇ. ಓದಲು ಕೆಲವು ನಿಮಿಷ ಸಾಕು. ಆದರೆ ಚಾನೆಲ್ 24 ಗಂಟೆ ಓಡಬೇಕು. ಉಳಿದ ಹೊತ್ತು ಏನು ತುಂಬುವುದು? ಅದೇ ಆ್ಯಂಬುಲೆನ್ಸ್ ದೃಶ್ಯ, ಅದೇ ಪಿಪಿಇ ಕಿಟ್, ಅದೇ ಬ್ಯಾರಿಕೇಡ್. ಬೆಳಗಿನ ದೃಶ್ಯಕ್ಕೆ ಸಂಜೆ ಹೊಸ ತಲೆಬರಹ. ಹಿಂದೆ ಮ್ಯೂಸಿಕ್. ಸಂಜೆ ಟಿವಿ ಹಾಕಿದವರಿಗೆ ಅದು ಈಗ ತಾನೇ ನಡೆದದ್ದು ಅನ್ನಿಸುತ್ತದೆ. ಒಂದು ಸಾವು ಹತ್ತು ಸಲ ಕಣ್ಣಿಗೆ ಬಿದ್ದರೆ ಮನಸ್ಸಿನ ಲೆಕ್ಕದಲ್ಲಿ ಅದು ಹತ್ತು ಸಾವು.

ಎಲ್ಲರೂ ಟಿಆರ್‌ಪಿ ಅನ್ನುತ್ತಾರೆ. ಅಷ್ಟೇ ಅಲ್ಲ. 2020ರ ಅಕ್ಟೋಬರ್‌ನಲ್ಲಿ, ಟಿವಿ ನೋಡುವವರ ಲೆಕ್ಕ ಇಡುವ ಬಾರ್ಕ್ ಸಂಸ್ಥೆ ಸುದ್ದಿ ಚಾನೆಲ್‌ಗಳ ರೇಟಿಂಗ್ ಕೊಡುವುದನ್ನೇ ನಿಲ್ಲಿಸಿತು, ಮತ್ತೆ ಶುರುವಾದದ್ದು 2022ರ ಮಾರ್ಚ್‌ನಲ್ಲಿ. ಅಂದರೆ ಎರಡನೇ ಅಲೆಯ ಹೊತ್ತಿಗೆ ವಾರದ ರೇಟಿಂಗ್ ಇರಲೇ ಇಲ್ಲ. ಆದರೂ ಪರದೆ ಹಾಗೇ ಇತ್ತು. ಅದೊಂದು ಅಭ್ಯಾಸ ಆಗಿಬಿಟ್ಟಿತ್ತು, ಮಾಡುವವರಿಗೂ ನೋಡುವವರಿಗೂ. ನಮ್ಮ ಜೊತೆ ಕೆಲಸ ಮಾಡುವವರಿಗೂ ಕೊರೊನಾ ಬಂತು, ಕೆಲವರ ಮನೆಯಲ್ಲಿ ಸಾವೂ ಆಯಿತು. ಮಾರನೆಯ ದಿನ ಬಂದು ಇನ್ನೊಬ್ಬರ ಮನೆಯ ಸಾವಿಗೆ ತಲೆಬರಹ ಬರೆಯಬೇಕಿತ್ತು.

ಪೋಷಕರಿಗೆ ನಾನು ಹೇಳುವುದು: ಇಡೀ ದಿನ ಟಿವಿ ಹಾಕಿಟ್ಟರೆ ಹೊಸದು ಜಾಸ್ತಿ ಗೊತ್ತಾಗುತ್ತದೆ ಅಂತ ಅಂದುಕೊಳ್ಳಬೇಡಿ. ಗೊತ್ತಾಗುವುದಿಲ್ಲ.

ಚಾಮರಾಜನಗರದ ಹುಡುಗ

ಎಲ್ಲರೂ ಟಿವಿ ಆರಿಸಿ ಅನ್ನುತ್ತಿದ್ದೀರಿ. ನಮ್ಮ ಕಡೆಯಿಂದಲೂ ಸ್ವಲ್ಪ ನೋಡಿ.

2021ರ ಮೇ 2 ಮತ್ತು 3ರ ನಡುವೆ ನಮ್ಮ ಜಿಲ್ಲಾಸ್ಪತ್ರೆಯಲ್ಲಿ 24 ಜನ ತೀರಿಕೊಂಡರು. ಆಕ್ಸಿಜನ್ ಕೊರತೆ ಅಂತ ದೇಶಕ್ಕೆಲ್ಲ ಸುದ್ದಿಯಾಯಿತು. ಅದು ಸುಮ್ನೆ ಹೆದರಿಸುವ ಸುದ್ದಿ ಅಲ್ಲ, ನಮ್ಮೂರಿನ ಸುದ್ದಿ. ಆ ಹೊತ್ತಿಗೆ ನಮ್ಮ ಚಿಕ್ಕಪ್ಪ ಬೇರೆ ಊರಿನ ಒಂದು ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲೆ ಇದ್ದರು. ನಾನು ಬಿಎಸ್ಸಿ ಓದುತ್ತಿದ್ದೆ. ನಾನು ಸುದ್ದಿ ನೋಡದೆ ಇರಬೇಕಿತ್ತಾ? ಎಲ್ಲಿ ಬೆಡ್ ಇದೆ, ಎಲ್ಲಿ ಸಿಲಿಂಡರ್ ತುಂಬಿಸಿಕೊಡುತ್ತಾರೆ, ಯಾವ ರಸ್ತೆಯಲ್ಲಿ ಬಿಡುತ್ತಾರೆ, ಇದೆಲ್ಲ ಗೊತ್ತಾಗಿದ್ದು ಸುದ್ದಿಯಿಂದ, ವಾಟ್ಸಾಪ್‌ನಿಂದ. ಮುಚ್ಚಿಡದೆ ಹೇಳಿದ್ದರಿಂದಲೇ ಆ 24 ಜನರ ಬಗ್ಗೆ ತನಿಖೆ ಆಯಿತು. ಸುದ್ದಿ ಕೆಟ್ಟದ್ದು ಅಂತ ಮಕ್ಕಳಿಗೆ ಕಲಿಸಬೇಡಿ.

ಆದರೆ ಒಂದು ವಿಷಯ ನಿಮ್ಮ ಮಾತಿಗೆ ಹೊಂದುತ್ತದೆ, ಅದನ್ನೂ ಹೇಳುತ್ತೇನೆ. ನಾವು ಏಳೆಂಟು ಗೆಳೆಯರು ಸೇರಿ ಫೋನ್ ಮಾಡುತ್ತಿದ್ದೆವು. ಒಬ್ಬ ನಂಬರ್ ಹುಡುಕುವುದು, ಒಬ್ಬ ಫೋನ್ ಮಾಡಿ ಖಚಿತ ಮಾಡುವುದು, ಸುಳ್ಳಾದರೆ ಪಟ್ಟಿಯಿಂದ ತೆಗೆಯುವುದು. ಆ ಕೆಲಸ ಮಾಡುವಾಗ ಎಷ್ಟು ಕೆಟ್ಟ ಸುದ್ದಿ ಕೇಳಿದರೂ ತಲೆ ಚುರುಕಾಗಿಯೇ ಇತ್ತು. ಯಾವುದು ನಿಜ, ಯಾವುದು ಹಳೆಯದು ಅಂತ ಬೇಗ ಗೊತ್ತಾಗುತ್ತಿತ್ತು. ರಾತ್ರಿ ಕೆಲಸ ಮುಗಿದ ಮೇಲೆ ಮಲಗಿಕೊಂಡು ಸುಮ್ನೆ ಫೋನ್ ತಿಕ್ಕುವಾಗ ಮಾತ್ರ ಕೈ ನಡುಗುತ್ತಿತ್ತು. ಸುದ್ದಿ ಅದೇ. ಹಗಲು ಅದರಿಂದ ಏನೋ ಮಾಡುತ್ತಿದ್ದೆವು, ರಾತ್ರಿ ಸುಮ್ನೆ ನೋಡುತ್ತಿದ್ದೆವು.

ಚಿಕ್ಕಪ್ಪ ಮನೆಗೆ ಬಂದರು. ಈಗ ಚೆನ್ನಾಗಿದ್ದಾರೆ.

ಮನಸ್ಸಿನ ಪಾಠ, ಮೈಸೂರು

ತಮ್ಮಾ, ನೀನು ಬರೆದದ್ದು ಈ ಚರ್ಚೆಗೆ ತುಂಬಾ ಬೇಕಿತ್ತು. ನಾನು ಮೇಲೆ "ನಮ್ಮ ಕೈಯಲ್ಲಿ ಏನೂ ಇಲ್ಲ ಅನ್ನಿಸುವ ಒತ್ತಡ" ಅಂದೆನಲ್ಲ, ಅದನ್ನು ನೀನು ಅನುಭವದಿಂದ ಹೇಳಿದ್ದೀಯ.

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲೇ ಕೊಟ್ಟ ಸಲಹೆಯೂ ಸುದ್ದಿ ಬಿಡಿ ಅಂತ ಇರಲಿಲ್ಲ. ಆತಂಕ ತರುವಂಥದ್ದನ್ನು ಕಡಿಮೆ ಮಾಡಿ, ದಿನಕ್ಕೆ ಒಂದೆರಡು ಸಲ, ಗೊತ್ತಾದ ಹೊತ್ತಿಗೆ, ನಂಬುವಂಥ ಕಡೆಯಿಂದ ಮಾತ್ರ ತಿಳಿದುಕೊಳ್ಳಿ, ನಿಮ್ಮನ್ನು ಮತ್ತು ಮನೆಯವರನ್ನು ಕಾಪಾಡಿಕೊಳ್ಳಲು ಬೇಕಾದದ್ದನ್ನು ನೋಡಿ ಅಂತಲೇ ಇತ್ತು. ದಾವಣಗೆರೆಯವರು ಹೇಳಿದ ಪರೀಕ್ಷೆ ಗೊಂದಲಕ್ಕೂ ಪುರಾವೆ ಇದೆ. ಹೋಲ್ಮನ್ ತಂಡ 2020ರ ಮಾರ್ಚ್-ಏಪ್ರಿಲ್‌ನಲ್ಲಿ ಆರು ಸಾವಿರಕ್ಕೂ ಜಾಸ್ತಿ ಅಮೆರಿಕನ್ನರನ್ನು ಕೇಳಿದಾಗ, ಸುದ್ದಿ ನೋಡಿದ ಗಂಟೆ ಒಂದೇ ಅಲ್ಲ, ಒಂದಕ್ಕೊಂದು ವಿರುದ್ಧವಾದ ಮಾಹಿತಿ ಬಂದದ್ದೂ ಒತ್ತಡದ ಜೊತೆ ತಳಕು ಹಾಕಿಕೊಂಡಿತ್ತು.

ದಾವಣಗೆರೆ 2020 ಬ್ಯಾಚ್

ಹೌದಕ್ಕ, ಮುಂದಿನ ವರ್ಷ ನಮ್ಮ ತಂಗಿಗೆ ಅದೇ ಆಯಿತು. 2021ರಲ್ಲಿ ಸೆಕೆಂಡ್ ಪಿಯು ಪರೀಕ್ಷೆ ರದ್ದು, ಎಸ್ಸೆಸ್ಸೆಲ್ಸಿ ಮಾತ್ರ ಇದೆ ಅಂತ ಜೂನ್‌ನಲ್ಲಿ ಹೇಳಿದರು. ಜುಲೈ 19 ಮತ್ತು 22, ಎರಡೇ ದಿನ, ದಿನಕ್ಕೆ ಮೂರು ವಿಷಯ, ಎಲ್ಲ ಬಹು ಆಯ್ಕೆ ಪ್ರಶ್ನೆ. ಅವಳು ಎಸ್ಸೆಸ್ಸೆಲ್ಸಿ. "ಅವರಿಗೆ ಇಲ್ಲ, ನಮಗೆ ಯಾಕೆ" ಅಂತ ಅತ್ತಳು. ಆದರೆ ದಿನಾಂಕ ಪಕ್ಕಾ ಆದ ಮೇಲೆ ಕೂತು ಓದಿದಳು. ನನ್ನ ವಿಷಯದಲ್ಲೂ ಹಾಗೇ. ವೇಳಾಪಟ್ಟಿ ಕೈಗೆ ಬಂದ ದಿನ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಕೊರೊನಾ ಕಡಿಮೆ ಆಗಿರಲಿಲ್ಲ, ಜಾಸ್ತಿಯೇ ಆಗುತ್ತಿತ್ತು.

ಅಂಕಿ ಮೇಷ್ಟ್ರು, ಧಾರವಾಡ

ಪುರಾವೆ ಕೊಟ್ಟಿದ್ದಕ್ಕೆ ಧನ್ಯವಾದ ಮೇಡಂ. ಪ್ರಯೋಗದ ವಿಷಯ ಓದಿ ಸಮಾಧಾನ ಆಯಿತು.

ನನ್ನ ವಿಷಯದಿಂದ ಒಂದು ಮಾತು. ನಮ್ಮ ಮಕ್ಕಳಿಗೆ ಸಂಖ್ಯೆ ತೋರಿಸಿದರು, ಯಾವುದಕ್ಕೆ ಹೋಲಿಸಬೇಕು ಅಂತ ಹೇಳಲಿಲ್ಲ. "ಇಂದು 346 ಸಾವು" ಅಂದರೆ ಎಷ್ಟು ಜನರಲ್ಲಿ? ಯಾವ ವಯಸ್ಸಿನವರು? ಇಂದು ಕೇಸು ಜಾಸ್ತಿ ಬಂದದ್ದು ಟೆಸ್ಟ್ ಜಾಸ್ತಿ ಮಾಡಿದ್ದಕ್ಕಾ, ಹರಡಿದ್ದಕ್ಕಾ? ಕೆಳಗಿನ ಸಂಖ್ಯೆ ಇಲ್ಲದೆ ಮೇಲಿನ ಸಂಖ್ಯೆ ಮಾತ್ರ ಕೊಟ್ಟರೆ ಯಾರೂ ತೂಗಿ ನೋಡಲು ಆಗುವುದಿಲ್ಲ. ಆಗ ಮನಸ್ಸು ಬೇರೆ ಅಳತೆ ಹಿಡಿಯುತ್ತದೆ: ಬೇಗ ಕಣ್ಣ ಮುಂದೆ ಬರುವುದೇ ಜಾಸ್ತಿ ನಡೆಯುವಂಥದ್ದು ಅಂತ. ಟ್ವೆರ್ಸ್ಕಿ ಮತ್ತು ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲೇ ಇದನ್ನು ತೋರಿಸಿದ್ದಾರೆ. ಸಾಗರದ ಅಮ್ಮನ ಮಗಳು ಒಂದೂ ಕೇಸ್ ಇಲ್ಲದ ಊರಿನಲ್ಲಿ ಅಜ್ಜಿಯಿಂದ ದೂರ ಓಡಿದ್ದು ಇದಕ್ಕೇ. ಅವಳ ಪ್ರೀತಿ ಸರಿಯಾಗಿಯೇ ಇತ್ತು, ಕೈಗೆ ಸಿಕ್ಕ ಅಳತೆ ತಪ್ಪಿತ್ತು.

ಹಾಸನದ ಪಿಯು ಮಿಸ್

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಧಾರವಾಡದ ಸರ್, ನೀವು ಹೇಳಿದ್ದನ್ನು ನಾನು ತರಗತಿಯಲ್ಲಿ ಮಾಡಿ ನೋಡಿದ್ದೇನೆ. ಹೃದಯಾಘಾತದ ಸುದ್ದಿ ಜೋರಾಗಿದ್ದಾಗ ಒಂದು ಪೀರಿಯಡ್ ಪೂರ್ತಿ ಅದಕ್ಕೇ ಕೊಟ್ಟೆ. ಮಕ್ಕಳೇ ತಂದ ಪತ್ರಿಕೆಯ ಕತ್ತರಿಕೆಗಳನ್ನು ಬೆಂಚಿನ ಮೇಲೆ ಹರಡಿದೆವು. ಪ್ರತಿ ಸುದ್ದಿಗೂ ಕೇಳಬೇಕಾದ್ದು: ಇದು ಯಾವತ್ತಿನದು, ಯಾರು ಹೇಳಿದ್ದು, ಎಷ್ಟು ಜನರಲ್ಲಿ ಎಷ್ಟು, ಹೋದ ವರ್ಷ ಇದೇ ತಿಂಗಳು ಎಷ್ಟು, ಇದರಿಂದ ನಾನು ಇವತ್ತು ಮಾಡಬೇಕಾದ್ದು ಏನಾದರೂ ಇದೆಯಾ. ಕೊನೆಯ ಪ್ರಶ್ನೆಗೆ ಹುಡುಗರು ಬರೆದ ಉತ್ತರ: ಅಪ್ಪನ ಬಿಪಿ ಚೆಕ್ ಮಾಡಿಸುವುದು. ಇಬ್ಬರು ನಿಜವಾಗಿಯೂ ಆ ವಾರ ಮಾಡಿಸಿದರು.

ಇನ್ನೊಂದು, ಪರೀಕ್ಷೆಗೆ ಮುಂಚೆ ಬರೆಸುವುದು. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರಾದ ರಮಿರೆಜ್ ಮತ್ತು ಬೈಲಾಕ್ ಇದನ್ನು 2011ರಲ್ಲಿ ಒಂಬತ್ತನೇ ತರಗತಿ ಮಕ್ಕಳ ಮೇಲೆ ಮಾಡಿದ್ದರು, ಅದೂ ಜೀವಶಾಸ್ತ್ರದ ಪರೀಕ್ಷೆಗೆ. ಶುರುವಾಗುವ ಮೊದಲು ಹತ್ತು ನಿಮಿಷ ಮನಸ್ಸಿನಲ್ಲಿರುವ ಭಯವನ್ನೆಲ್ಲ ಕಾಗದದ ಮೇಲೆ ಬರೆಯಲು ಹೇಳಿದರು. ಪರೀಕ್ಷೆ ಭಯ ಜಾಸ್ತಿ ಇದ್ದ ಮಕ್ಕಳಿಗೆ ಅಂಕ ಜಾಸ್ತಿ ಬಂತು. ಮೈಸೂರು ಮೇಡಂ ಹೇಳಿದ ಆ ಚಿಕ್ಕ ಜಾಗ ಖಾಲಿ ಆಗುತ್ತದೆ ಅಂತ ನನ್ನ ತಿಳಿವಳಿಕೆ. ನನ್ನ ಮಕ್ಕಳು ಬರೆದದ್ದನ್ನು ನಾನು ಓದುವುದಿಲ್ಲ, ಅವರೇ ಹರಿದು ಹಾಕುತ್ತಾರೆ. ಓದುವುದಿಲ್ಲ ಅಂತ ಗೊತ್ತಾದ ಮೇಲೆಯೇ ಅವರು ಬಿಚ್ಚಿ ಬರೆಯತೊಡಗಿದ್ದು.

ಹಾಸ್ಟೆಲ್ ವಾರ್ಡನ್, ಕಲಬುರಗಿ

ನಮ್ಮ ಊರಲ್ಲೇ ದೇಶದ ಮೊದಲ ಕೊರೊನಾ ಸಾವು ಆಗಿದ್ದು, 2020ರ ಮಾರ್ಚ್‌ನಲ್ಲಿ. ಆಗ ಹುಡುಗರೆಲ್ಲ ಗಂಟು ಮೂಟೆ ಕಟ್ಟಿ ಊರಿಗೆ ಓಡಿದ್ದು ಕಣ್ಣಿಗೆ ಕಟ್ಟಿದಂತಿದೆ. ಮತ್ತೆ ಹಾಸ್ಟೆಲ್ ತೆರೆದಾಗ ಊಟದ ಹಾಲ್‌ನಲ್ಲಿ ಸುದ್ದಿ ಚಾನೆಲ್ ಬೇಡ ಅಂದೆ. ಬದಲಿಗೆ ನೋಟಿಸ್ ಬೋರ್ಡಿಗೆ ದಿನಾ ಸಂಜೆ ಜಿಲ್ಲೆಯ ಬುಲೆಟಿನ್ ಅಂಟಿಸುವ ಕೆಲಸ ಒಬ್ಬ ಹುಡುಗನಿಗೆ ಕೊಟ್ಟೆ. ಮೊದಲು ಗಲಾಟೆ ಮಾಡಿದರು. ಆಮೇಲೆ ಊಟಕ್ಕೆ ಕೂತಾಗ ಕ್ರಿಕೆಟ್ ಮಾತು ಶುರುವಾಯಿತು.

ಸಾಗರದ ಅಮ್ಮ

ಮೈಸೂರು ಮೇಡಂ, ಒಂದು ಕೇಳಬೇಕು. ಮಗಳು ಈಗ ಡಿಗ್ರಿ. ಅಜ್ಜಿ ಇನ್ನೂ ಇದ್ದಾರೆ, ಅಡಿಕೆ ಕತ್ತರಿಸಿ ಕೊಡುವುದು ಮತ್ತೆ ಶುರುವಾಗಿದೆ. ಆದರೆ ಇವತ್ತಿಗೂ ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಫೋನ್ ತೆಗೆದು "ಏನಾದರೂ ಆಗಿದೆಯಾ" ಅಂತ ನೋಡುತ್ತಾಳೆ. ಮಧ್ಯರಾತ್ರಿ ಎದ್ದೂ ನೋಡುತ್ತಾಳೆ. ಪರೀಕ್ಷೆ ಬಂದರೆ ಇನ್ನೂ ಜಾಸ್ತಿ. ಬೈದರೆ ಅಳುತ್ತಾಳೆ. ಇದು ಅಭ್ಯಾಸವಾ, ಕಾಯಿಲೆಯಾ?

ಮನಸ್ಸಿನ ಪಾಠ, ಮೈಸೂರು

ಅಮ್ಮಾ, ದೂರದಿಂದ ಹೆಸರಿಡಲು ಹೋಗುವುದಿಲ್ಲ. ನಿದ್ದೆ ಕೆಡುತ್ತಿದೆ, ಓದಿಗೆ ತೊಂದರೆ ಆಗುತ್ತಿದೆ ಅಂದ ಮೇಲೆ ಒಬ್ಬರ ಹತ್ತಿರ ಮಾತಾಡಿಸುವುದು ಒಳ್ಳೆಯದು. ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. 2022ರಿಂದ ನಡೆಯುತ್ತಿದೆ, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದುಡ್ಡು ಇಲ್ಲ, 24 ಗಂಟೆಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಅವಳೇ ಮಾಡಿದರೆ ಉತ್ತಮ. ಹಿಂಜರಿದರೆ ಮೊದಲು ನೀವು ಮಾಡಿ ಕೇಳಿ, ಪೋಷಕರೂ ಮಾಡಬಹುದು.

ಅಲ್ಲಿಯವರೆಗೆ ಮನೆಯಲ್ಲಿ: ರಾತ್ರಿ ಫೋನ್ ಚಾರ್ಜಿಗೆ ಹಾಕುವುದು ಅವಳ ಕೋಣೆಯಲ್ಲಿ ಬೇಡ. ಅವಳದ್ದೊಂದೇ ಅಲ್ಲ, ಮನೆಯವರೆಲ್ಲರ ಫೋನೂ ಹೊರಗೆ ಇರಲಿ, ಇಲ್ಲದಿದ್ದರೆ ಶಿಕ್ಷೆ ಅನ್ನಿಸುತ್ತದೆ. ಅಲಾರಾಂಗೆ ಹಳೆಯ ಗಡಿಯಾರ ಇಡಿ. "ಯಾಕೆ ನೋಡ್ತೀಯ" ಅಂತ ಬೈಯಬೇಡಿ. ಬೆಳಗ್ಗೆ ಎದ್ದ ಮೇಲೆ ಇಬ್ಬರೂ ಕೂತು ಚಹಾ ಕುಡಿಯುತ್ತಾ ಒಟ್ಟಿಗೆ ಪತ್ರಿಕೆ ನೋಡಿ. ಅಜ್ಜಿಯನ್ನೂ ಕೂರಿಸಿಕೊಳ್ಳಿ.

ಸಾಗರದ ಅಮ್ಮ

ಸರಿ ಮೇಡಂ. ನಂಬರ್ ಬರೆದುಕೊಂಡೆ. ಅವಳಿಗೆ ಈ ಚರ್ಚೆ ಪೂರ್ತಿ ಓದಲು ಕೊಟ್ಟಿದ್ದೇನೆ. ಚಾಮರಾಜನಗರದ ಹುಡುಗ ಬರೆದದ್ದನ್ನು ಎರಡು ಸಲ ಓದಿದಳು. ನಾಳೆ ಕಾಲೇಜಿಂದ ಬಂದ ಮೇಲೆ ಫೋನ್ ಮಾಡುತ್ತೇನೆ ಅಂದಿದ್ದಾಳೆ, ನಾನೂ ಪಕ್ಕದಲ್ಲಿ ಇರಬೇಕಂತೆ.